ಎಕ್ಸೆಪ್ಟ್ ಸೀಲು

ಜೂನ್ 10, ಮಂಗಳವಾರ. ಕ್ಲೇಟನ್, ಮೆಲ್ಬರ್ನ್

ಹೆಂಡತಿ ಸುಗುಣಾಳ ಅಪ್ಪಣೆಯಂತೆ ಇಂದಿನಿಂದ ಈ ಪುಸ್ತಕ. ಎದೆ ತೆರೆದು ಹೃದಯದ ಕವಾಟ ಬದಲಾಯಿಸಿ ಇನ್ನೂ ಐದು ದಿನ. ಮಾತು ಪಿಸುಗುಟ್ಟುವಷ್ಟೇ ಬರುತ್ತದೆ, ಆದರೂ ಯಜಮಾನಿಕೆ ಬಿಟ್ಟಿಲ್ಲ. "ಯಾರ ಮನೆಯ ಪಾತ್ರೆ ಬಂತು ಅಂತ ಬರೆದಿಡಿ ಮಾರಾಯ್ರೆ. ನಿಮ್ಮನ್ನು ನಂಬಿದ್ರೆ ಎಲ್ಲ ಖಾಲಿ ವಾಪಸ್ ಹೋದೀತು. ಖಾಲಿ ಪಾತ್ರೆ ಕೊಡುದುಂಟಾ?"

ಬರೆದಿದ್ದೇನೆ. ಬಂದ ಪಾತ್ರೆ ಮೂರು. ಮೂರೂ ಪಕ್ಕದ ಮನೆಯ ಮಿಸೆಸ್ ಗೋವೆಂದರ್ ಅವರವು.

ಸಿಡ್ನಿಯ ರೌಸ್ ಹಿಲ್‌ನಲ್ಲಿ ಮಗ ಲತೇಶನ ಮನೆಯಲ್ಲಿ ಆರಾಮವಾಗಿದ್ದೆವು. ಹತ್ತು ದಿನ ಮಗಳ ಮನೆಯಲ್ಲಿದ್ದು ಬರೋಣವೆಂದು ಮೆಲ್ಬರ್ನಿಗೆ ಬಂದರೆ, ಮೂರನೇ ದಿನ ಇವಳು ಅಡುಗೆಮನೆಯಲ್ಲಿ ಕುಸಿದಳು. ಆಂಬ್ಯುಲೆನ್ಸಿಗೆ ಫೋನ್ ಮಾಡಿದ್ದು, ನಡುಗುತ್ತಿದ್ದ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದ್ದು ಅದೇ ಪಕ್ಕದ ಮನೆಯಾಕೆ. ಮಗಳು ಭವ್ಯಶ್ರೀ ಆಗ ಯೂನಿವರ್ಸಿಟಿಯ ಲ್ಯಾಬಿನಲ್ಲಿದ್ದಳು, ಅಳಿಯ ಕೆಲಸದ ಮೇಲೆ ಪರ್ತ್‌ನಲ್ಲಿ. ಆಕೆ ಇರದಿದ್ದರೆ ನಾನು ಏನು ಮಾಡುತ್ತಿದ್ದೆನೋ ತಿಳಿಯದು. ಅಷ್ಟು ಹೆದರಿದ್ದೆ.

ಆಪರೇಷನ್ನಿಗೆ ಕರೆದೊಯ್ಯುವಾಗಲೂ ಸುಗುಣಾಳಿಗೆ ತಮಾಷೆ. "ಎರಡು ಸುಳಿಯ ಗಂಡ. ನಾನು ಹೋದ್ರೆ ಇನ್ನೊಂದು ಮದುವೆ ಗ್ಯಾರಂಟಿ." ನೆತ್ತಿಯ ಮೇಲೆ ಕೂದಲೇ ಇಲ್ಲ, ಸುಳಿ ಎಲ್ಲಿಂದ ಬಂತು? ಮದುವೆಯಾದಾಗ ಇದ್ದದ್ದನ್ನು ಇನ್ನೂ ಹಿಡಿದುಕೊಂಡಿದ್ದಾಳೆ.

ಇವತ್ತು ನನ್ನ ಬಿಪಿ ಮಾತ್ರೆಗೆ ಬಸ್ಸಿನಲ್ಲಿ ಹೋದೆ. ಔಷಧಿ ಅಂಗಡಿಯ ಕೌಂಟರಿನ ಹುಡುಗಿ ಚೀಟಿ ಇಸಿದುಕೊಂಡು ಟೈಪ್ ಮಾಡಿ, "ಟ್ವೆಂಟಿ ಮಿನಿಟ್ಸ್, ನೆಕ್ಸ್ಟ್" ಎಂದಳು. ತಲೆ ಎತ್ತಲಿಲ್ಲ. ಎದುರಿಗೆ ನಿಂತಿರುವುದು ಮನುಷ್ಯನೋ ಕಂಬವೋ ಎಂದು ನೋಡಬೇಡವೇ? ಇನ್ನೊಂದು ವಿಚಿತ್ರ, ಇಲ್ಲಿ ಇಳಿಯುವಾಗ ಎಲ್ಲರೂ ಬಸ್ಸಿನ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ. ಸಂಬಳ ತೆಗೆದುಕೊಂಡು ಓಡಿಸುವವನಿಗೆ ಥ್ಯಾಂಕ್ಸ್ ಎಂಥದ್ದು? ನಾನು ಸುಮ್ಮನೆ ಇಳಿದೆ.

ಜೂನ್ 13, ಶುಕ್ರವಾರ

ಸುಗುಣಾ ಹತ್ತು ಹೆಜ್ಜೆ ನಡೆದಳು. ದೇವರು ದೊಡ್ಡವನು. ಡಾಕ್ಟರೂ ದೊಡ್ಡವರೇ.

ಮೊಮ್ಮಗಳು ಆದ್ಯಾಳಿಗೆ ಹಿಸ್ಟರಿ ಅಸೈನ್‌ಮೆಂಟ್. ಬಣ್ಣ ನೋಡಿ ಜನರನ್ನು ಬೇರೆ ಮಾಡುತ್ತಿದ್ದ ದಕ್ಷಿಣ ಆಫ್ರಿಕಾ ಸರ್ಕಾರವನ್ನು ಬೇರೆ ದೇಶಗಳು ಹೇಗೆ ಬಗ್ಗಿಸಿದವು ಎಂದು ಬರೆಯಬೇಕಂತೆ. ನನಗೆ ಹುರುಪು ಬಂತು. "ಬಾ ಇಲ್ಲಿ. ನಿನ್ನ ಅಜ್ಜ ಆ ಕೆಲಸದಲ್ಲೇ ಇದ್ದವ" ಎಂದೆ.

ಬೆಂಗಳೂರಿನ ನಮ್ಮ ಪಾಸ್‌ಪೋರ್ಟ್ ಕಚೇರಿಯಲ್ಲಿ ಸೀಲಿನ ಮೇಜು ನನ್ನದು. 'ದಕ್ಷಿಣ ಆಫ್ರಿಕಾ ಗಣರಾಜ್ಯ ಹೊರತುಪಡಿಸಿ' ಎಂದು ಇಂಗ್ಲಿಷಿನಲ್ಲಿದ್ದ ರಬ್ಬರ್ ಸೀಲು. ಆಫೀಸಿನಲ್ಲಿ ಅದಕ್ಕೆ ಎಕ್ಸೆಪ್ಟ್ ಸೀಲು ಎಂದು ಹೆಸರು, ನನಗೆ ಎಕ್ಸೆಪ್ಟ್ ಮೋಹನದಾಸ ಎಂದು ಹೆಸರು. ಅದು ಬಿದ್ದ ಪಾಸ್‌ಪೋರ್ಟಿನಲ್ಲಿ ಬೇರೆಲ್ಲಿಗಾದರೂ ಹೋಗಬಹುದಿತ್ತು, ಆ ದೇಶಕ್ಕೆ ಮಾತ್ರ ಇಲ್ಲ. ಹಾಳೆಯ ಮೇಲೆ ಸೀಲಿನ ಚಿತ್ರ ಬರೆದು ತೋರಿಸಿದೆ.

ಹುಡುಗಿ ಹುಬ್ಬು ಗಂಟಿಕ್ಕಿದಳು. "ಸೋ ನೀವು ಆಫ್ರಿಕಾದವರ ಹತ್ರ ಹೋಗಲ್ಲ ಅಂದ್ರಾ? ದಟ್ಸ್ ಕೈಂಡಾ ರೇಸಿಸ್ಟ್, ಅಜ್ಜಾ."

ಎಂಥ ಅನಾಹುತ. ಬಿಡಿಸಿ ಹೇಳಿದೆ. ಅಲ್ಲಿ ಬಿಳಿಯರ ಬಸ್ಸು ಬೇರೆ, ಬೆಂಚು ಬೇರೆ, ಸಮುದ್ರತೀರವೂ ಬೇರೆ. ನಮ್ಮ ದೇಶ ಸ್ವತಂತ್ರವಾಗುವ ಮೊದಲೇ, ನಲವತ್ತಾರರಲ್ಲಿ, ಆ ಸರ್ಕಾರದ ಜೊತೆ ವ್ಯಾಪಾರ ನಿಲ್ಲಿಸಿತು. ಆಮೇಲೆ ಒಂದೊಂದೇ ದೇಶ ಆಟ ನಿಲ್ಲಿಸಿತು, ಆಯುಧ ನಿಲ್ಲಿಸಿತು, ಸಾಲ ನಿಲ್ಲಿಸಿತು. ಇದೇ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಅವರ ರಗ್ಬಿ ತಂಡ ಬಂದಾಗ ಜನ ಬೀದಿಗಿಳಿದಿದ್ದರು. ಆ ಒತ್ತಡದಲ್ಲಿ ನನ್ನದೂ ಒಂದು ಸೀಲು. ಆದ್ಯಾ ಬರೆದುಕೊಂಡಳು. ಬಹಳ ದಿನದ ಮೇಲೆ ಎದೆಯುಬ್ಬಿಸಿ ಊಟ ಮಾಡಿದೆ.

ಜೂನ್ 15, ಭಾನುವಾರ

ಮೂರು ಡಬ್ಬಿ ತೊಳೆದು, ಹಿತ್ತಲಿನ ನಿಂಬೆಹಣ್ಣು ತುಂಬಿ, ಪಕ್ಕದ ಮನೆಗೆ ಹೋದೆ. ಆಕೆಯ ಹೆಸರು ಕೋಗಿಲಾಂಬಾಳ್. ಎಲ್ಲರೂ ಕೋಗಿ ಎನ್ನುತ್ತಾರೆ. ನನಗಿಂತ ಮೂರು ವರ್ಷ ಚಿಕ್ಕವರು, ಗಂಡ ತೀರಿಕೊಂಡಿದ್ದಾರೆ. ಹೆಸರು ಕೇಳಿ ಮದ್ರಾಸಿನವರೆಂದುಕೊಂಡಿದ್ದೆ. ಊರು ಡರ್ಬನ್ ಅಂತೆ, ದಕ್ಷಿಣ ಆಫ್ರಿಕಾ. ಮುತ್ತಜ್ಜ ಕಬ್ಬಿನ ಗದ್ದೆಯ ಕೂಲಿಗೆ ಹಡಗು ಹತ್ತಿದವರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದುಕೊಳ್ಳುತ್ತೇನೆ.

ಆದ್ಯಾಳ ಅಸೈನ್‌ಮೆಂಟಿನ ಸುದ್ದಿ ತೆಗೆದೆ. ಸೀಲಿನ ಸುದ್ದಿಗೆ ಬರುವಷ್ಟರಲ್ಲಿ ಕೋಗಿ ನನ್ನ ಕೈ ಹಿಡಿದು ಗೋಡೆಯ ಹತ್ತಿರ ಕರೆದೊಯ್ದರು. ಚೌಕಟ್ಟಿನಲ್ಲಿ ಒಂದು ಹಳದಿ ಕಾಗದ.

"ನನ್ನ ಅಕ್ಕ ಲೋಗಾ ಓದಲು ಬೆಂಗಳೂರಿಗೆ ಹೋದವಳು, ಅಲ್ಲೇ ಮದುವೆಯಾಗಿ ಭಾರತದ ಪ್ರಜೆಯಾದಳು. ಎಂಬತ್ತಾರರಲ್ಲಿ ಅಮ್ಮನಿಗೆ ಕ್ಯಾನ್ಸರ್. ಅಕ್ಕ ಪಾಸ್‌ಪೋರ್ಟ್ ಆಫೀಸಿಗೆ ಓಡಿದಳು. ಅವಳ ಪಾಸ್‌ಪೋರ್ಟಿನಲ್ಲಿ ನಮ್ಮ ದೇಶ ಬಿಟ್ಟು ಎಂದು ಸೀಲು. ಬರಲಾಗಲಿಲ್ಲ. ಅಮ್ಮ ಬಾಗಿಲು ನೋಡುತ್ತಲೇ ಹೋದಳು. ಆಮೇಲೆ ಅಕ್ಕನ ಕಾಗದ ಬಂತು. ಓದಿ."

ಓದಿದೆ. 'ಅಪ್ಪಾ, ಗುಮಾಸ್ತರು ನನ್ನ ಅಳು ನೋಡಿ ಕುರ್ಚಿಯಿಂದ ಎದ್ದು ನಿಂತರು. ತಾಯೀ, ನಿಮ್ಮ ಅಮ್ಮನನ್ನು ಬೇಕಾದ ಬೆಂಚಿನಲ್ಲಿ ಕೂರಲು ಬಿಡದ ಸರ್ಕಾರದ ಜೊತೆ ನಮ್ಮ ಸರ್ಕಾರ ಕೂರುವುದಿಲ್ಲ, ಎಂದರು.'

"ಅಪ್ಪ ಇದನ್ನು ಇಡೀ ಬೀದಿಗೆ ಓದಿ ಹೇಳಿದರು" ಎಂದರು ಕೋಗಿ. "ನಮ್ಮನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ ಎಂದುಕೊಂಡಿದ್ದೆವು. ಸಮುದ್ರದಾಚೆ ಯಾರೋ ಒಬ್ಬ ಎದ್ದು ನಿಂತಿದ್ದ. ಆ ಮನುಷ್ಯ ಸಿಕ್ಕರೆ ಬಯ್ಯಬೇಕೋ ಕೈ ಮುಗಿಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ."

ನಾನು ಏನೂ ಹೇಳದೆ ಬಂದುಬಿಟ್ಟೆ. ಆಗ ಇಡೀ ರಾಜ್ಯಕ್ಕೆ ಇದ್ದದ್ದು ಒಂದೇ ಪಾಸ್‌ಪೋರ್ಟ್ ಕಚೇರಿ. ಎಂಬತ್ತನಾಲ್ಕರಿಂದ ಎಂಬತ್ತೆಂಟರವರೆಗೆ ಸೀಲಿನ ಮೇಜಿನಲ್ಲಿ ನಾನಲ್ಲದೆ ಬೇರೆ ಯಾರೂ ಕೂತಿಲ್ಲ.

ಜೂನ್ 16, ಸೋಮವಾರ

ಬೆಳಗಿನಿಂದ ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ. ಕೌಂಟರಿನ ಕಿಂಡಿ ಕಣ್ಣ ಮುಂದೆ ಬರುತ್ತದೆ. ಕಿಂಡಿಯಲ್ಲಿ ಕೈಗಳು ಬರುತ್ತವೆ, ಗಾಜಿನ ಬಳೆ, ಎಚ್‌ಎಂಟಿ ವಾಚು, ಶಾಯಿ ಅಂಟಿದ ಬೆರಳು. ಮುಖ ಒಂದೂ ಬರುವುದಿಲ್ಲ. ಯಾಕೋ.

ಜೂನ್ 17, ಮಂಗಳವಾರ

ಆ ಮಾತು ನಾನು ಹೇಳಿರಲೂಬಹುದು. ನಮ್ಮ ಸೂಪರಿಂಟೆಂಡೆಂಟ್ ಗುರುಬಸವ ಅವರು ಅಂಥ ಮಾತು ಆಡುತ್ತಿದ್ದರು. ಅವರನ್ನು ಕೇಳಿ ಕೇಳಿ ನನ್ನ ಬಾಯಿಗೂ ಬಂದಿರಬಹುದು. ಆಗ ಸೇವಾ ಮನೋಭಾವ ನನ್ನಲ್ಲಿ ಇದ್ದೇ ಇತ್ತು.

ಆದರೆ ಹೇಳಿದವನು ನಾನೆಂದರೆ ತಡೆದವನೂ ನಾನೇ. ನನ್ನನ್ನು ಆಸ್ಪತ್ರೆಗೆ ಕರೆದೊಯ್ಯಲು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕಾರು ಹೊರಗೆ ನಿಲ್ಲಿಸಿ ಹಾರ್ನ್ ಮಾಡುವುದು ಆ ತಾಯಿಯ ಕಿರಿಮಗಳು. ಸುಗುಣಾಳ ಕೂದಲು ಬಾಚುವುದೂ ಅವರೇ. ಹೇಳಿದರೆ ಆ ಕಾರು ಬರುವುದೇ? ಹೇಳದಿದ್ದರೆ ನಾನು ಯಾವ ಮುಖದಲ್ಲಿ ಹತ್ತಿ ಕೂರುವುದು?

ಜೂನ್ 19, ಗುರುವಾರ

ಹೇಳಿಬಿಟ್ಟೆ. ಕಾರಿನಲ್ಲಿ, ಸಿಗ್ನಲ್ ಕೆಂಪಾದಾಗ. "ಮೇಡಂ, ಐ ವಾಸ್ ಇನ್ ದಟ್ ಪಾಸ್‌ಪೋರ್ಟ್ ಆಫೀಸ್. ಎಕ್ಸೆಪ್ಟ್ ಮಾಡುತ್ತಿದ್ದವನು ನಾನೇ" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಕೋಗಿಯ ಮುಖ ಅರಳಿತು. "ಓಹ್, ಅರ್ಜಿಗಳನ್ನು ಆಕ್ಸೆಪ್ಟ್ ಮಾಡುತ್ತಿದ್ದಿರಾ? ಪುಣ್ಯದ ಕೆಲಸ. ಹಾಗಿದ್ದರೆ ಆ ಎದ್ದು ನಿಂತವರ ಪರಿಚಯ ನಿಮಗೆ ಇರಬೇಕು."

ಹಾಳಾದ ಉಚ್ಚಾರ. ಬಿಡುವುದೂ ತೆಗೆದುಕೊಳ್ಳುವುದೂ ನಮ್ಮ ಬಾಯಲ್ಲಿ ಒಂದೇ ಆಗಿಬಿಟ್ಟಿದೆ. ತಿದ್ದಬೇಕೆಂದು ಬಾಯಿ ತೆರೆದೆ. ಸಿಗ್ನಲ್ ಹಸಿರಾಯಿತು, ಹಿಂದಿನವನು ಹಾರ್ನ್ ಹೊಡೆದ, ನಾನು ಸುಮ್ಮನಾದೆ. ಹೇಳಿದ್ದಂತೂ ಹೇಳಿದ್ದೇನೆ. ಕೇಳಿಸಿಕೊಳ್ಳುವುದು ಅವರಿಗೆ ಸೇರಿದ್ದು.

ಜೂನ್ 20, ಶುಕ್ರವಾರ

ಸುಗುಣಾಳಿಗೆ ಎಲ್ಲ ಹೇಳಿದೆ. ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಮಲಗಿದಳೆಂದುಕೊಂಡೆ.

"ಅವರಿಗೆ ಬೇರೆಯೇ ಕೇಳಿದೆ ಅಂತ ನಿಮಗೆ ಗೊತ್ತುಂಟಲ್ಲ. ಮತ್ತೆ ಹೇಳಿದ ಲೆಕ್ಕ ಎಂಥದ್ದು?" ಎಂದಳು. "ಪಾತ್ರೆ ಖಾಲಿ ಕೊಟ್ಟು ಮುಚ್ಚಳ ಗಟ್ಟಿ ಹಾಕಿದ ಹಾಗಾಯ್ತು."

"ಕಾರು ನಿಂತರೆ?"

"ಬಸ್ಸುಂಟು."

ಜೂನ್ 23, ಸೋಮವಾರ

ಸುಗುಣಾ ಮನೆಗೆ ಬಂದಳು! ಕೋಗಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬೀನ್ಸ್ ಕರಿ ಇದ್ದ ಡಬ್ಬಿ ಒಂದು ಬಂತು, ಬರೆದಿದ್ದೇನೆ. ಸುಗುಣಾ ಎರಡು ತುತ್ತು ಹೆಚ್ಚೇ ತಿಂದಳು. ನನಗೆ ಅಳು ಬಂತು, ಹಿತ್ತಲಿಗೆ ಹೋಗಿ ನಿಂಬೆಗಿಡ ನೋಡುತ್ತ ನಿಂತೆ. ಇಷ್ಟು ಜನರ ಉಪಕಾರದಲ್ಲಿ ಇವಳು ಉಸಿರಾಡುತ್ತಿದ್ದಾಳೆ. ನಾಳೆ ಹೇಳುತ್ತೇನೆ.

ಜೂನ್ 24

ಹೇಳಲಿಲ್ಲ.

ಜೂನ್ 29, ಭಾನುವಾರ

ಸುಗುಣಾ ಕುರ್ಚಿಯಲ್ಲಿ ಕೂತು ಹೇಳಿಕೊಟ್ಟಳು, ನಾನು ಅವಲಕ್ಕಿಗೆ ಬೆಲ್ಲ, ತೆಂಗಿನಕಾಯಿ ಕಲಸಿದೆ. ಕೋಗಿಯದೇ ಡಬ್ಬಿಗೆ ತುಂಬಿ ಅವರ ಮನೆಗೆ ಹೋದೆ. ಬಾಯನ್ನು ನಂಬಿ ಪ್ರಯೋಜನವಿಲ್ಲವೆಂದು ಒಂದು ಚೀಟಿಯಲ್ಲಿ ಇಂಗ್ಲಿಷಿನ ಆ ಪದವನ್ನು ಒಂದೊಂದೇ ಅಕ್ಷರ ದೊಡ್ಡದಾಗಿ ಬರೆದುಕೊಂಡಿದ್ದೆ. ಗೋಡೆಯ ಕಾಗದದ ಕೆಳಗೆ ನಿಂತು ಚೀಟಿ ಕೊಟ್ಟೆ.

"ಆವತ್ತು ನಾನು ಹೇಳಿದ್ದು ಆಕ್ಸೆಪ್ಟ್ ಅಲ್ಲ ಮೇಡಂ, ಇದು. ನಿಮ್ಮ ಅಕ್ಕನ ಪಾಸ್‌ಪೋರ್ಟಿಗೆ ಸೀಲು ಒತ್ತಿದ್ದು ಈ ಕೈ. ಅವರ ಮುಖ ನನಗೆ ನೆನಪಿಲ್ಲ. ಅದನ್ನೂ ಹೇಳಬೇಕು."

ಕೋಗಿ ಚೀಟಿಯನ್ನು ಬಹಳ ಹೊತ್ತು ನೋಡಿದರು. "ಹಾಗಾದರೆ ಎದ್ದು ನಿಂತವರು ನೀವಾ?"

ಹೌದು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. "ಗೊತ್ತಿಲ್ಲ. ಹೇಳಿರಬೇಕೆಂದು ಆಸೆ ಇದೆ. ನೆನಪಿಲ್ಲ" ಎಂದೆ.

"ನೀವು ಈಗ ಮನೆಗೆ ಹೋಗಿ" ಎಂದರು. ಅವಲಕ್ಕಿ ಡಬ್ಬಿಯನ್ನು ತೆಗೆದುಕೊಂಡರು, ತೆರೆಯಲಿಲ್ಲ.

ಜುಲೈ 2, ಬುಧವಾರ

ಸುಗುಣಾ ಮನೆಗೆ ಬಂದ ಮೇಲೂ ಚೆಕಪ್ಪು, ಸಾಮಾನು ಎಂದು ದಿನಾ ಬರುತ್ತಿದ್ದ ಕಾರಿನ ಹಾರ್ನ್ ಮೂರು ದಿನದಿಂದ ಇಲ್ಲ. ಇವತ್ತು ಸುಗುಣಾಳ ಮಾತ್ರೆಗೆ ಬಸ್ಸಿನಲ್ಲಿ ಹೋದೆ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಯೂ ಎಂದೆ, ಆತ ಕೈ ಎತ್ತಿದ. ಔಷಧಿ ಅಂಗಡಿಯ ಹುಡುಗಿಯ ಎದೆಯ ಮೇಲೆ ಪ್ರಾರ್ಥನಾ ಎಂದು ಹೆಸರಿನ ಪಟ್ಟಿ ಇತ್ತು. "ಯಾವೂರಮ್ಮ?" ಎಂದು ಕನ್ನಡದಲ್ಲೇ ಕೇಳಿ ನೋಡಿದೆ. ತಲೆ ಎತ್ತಿದಳು. ದಾವಣಗೆರೆ ಅಂತೆ! ಬೆಳಗಿನ ಆರರಿಂದ ನಿಂತೇ ಇದ್ದೀನಿ ಅಂಕಲ್, ಎಂದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಪಾಪ, ಓದಿಕೊಂಡು ಈ ಕೆಲಸವನ್ನೂ ಮಾಡುತ್ತಾಳೆ.

ಕೋಗಿಯ ಮನೆಯ ಪರದೆ ಮುಚ್ಚಿಯೇ ಇದೆ. ಅವರು ಬಯ್ದಿದ್ದರೆ ಚೆನ್ನಾಗಿತ್ತು.

ಜುಲೈ 6, ಭಾನುವಾರ

ಎಲ್ಲವನ್ನೂ ಸರಿಯಾಗಿ ಬರೆದಿಡಬೇಕು.

ಮಧ್ಯಾಹ್ನ ಕೋಗಿ ಬಂದು ಬಾಗಿಲು ತಟ್ಟಿದರು. "ಬನ್ನಿ. ಭಾನುವಾರ ಈ ಹೊತ್ತಿಗೆ ಅಕ್ಕನ ಜೊತೆ ಮಾತು. ಫೋನಿನಲ್ಲಿ ಎಲ್ಲ ಹೇಳಿದ್ದೇನೆ. ಅವರಿಗೆ ಫೋನು ಕೊಡು ಎಂದಳು." ಲೋಗಾ ಬದುಕಿದ್ದಾರೆಯೇ ಎಂದು ನನಗೆ ಅಲ್ಲಿಯವರೆಗೆ ಕೇಳಲೂ ಧೈರ್ಯ ಬಂದಿರಲಿಲ್ಲ. ಎಂಬತ್ತು ವರ್ಷ, ಬೆಂಗಳೂರಿನಲ್ಲೇ ಇದ್ದಾರೆ. ನನ್ನ ಜೊತೆ ಆದ್ಯಾಳೂ ಬಂದಳು. ಕೋಗಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದರು.

"ಮೋಹನದಾಸ್ ಅವರಾ?" ಅಚ್ಚ ಕನ್ನಡ. "ಅಲ್ಲಿ ಕನ್ನಡ ಯಾರಿಗೆ ಬರತ್ತೆ?"

"ನನ್ನ ಮೊಮ್ಮಗಳಿಗೆ ಸ್ವಲ್ಪ ಅರ್ಥ ಆಗ್ತದೆ."

"ಹಾಗಾದ್ರೆ ಮಗೂನ ಹೊರಗೆ ಕಳಿಸಿ. ನನ್ನ ತಂಗಿ ಇರಲಿ, ಅವಳಿಗೆ ತಿಳಿಯಲ್ಲ."

ಆದ್ಯಾಳನ್ನು ಹಿತ್ತಲಿಗೆ ಕಳಿಸಿದೆ.

"ಒಂದು ಕೇಳ್ತೀನಿ. ನಿಮ್ಮ ನೆತ್ತಿ ಮೇಲೆ ಎರಡು ಸುಳಿ ಇತ್ತಾ?"

ನನ್ನ ಕೈ ತಾನಾಗಿ ಬೋಳು ತಲೆಗೆ ಹೋಯಿತು. ಈ ದೇಶದಲ್ಲಿ ಸುಗುಣಾಳನ್ನು ಬಿಟ್ಟರೆ ಅದು ಯಾರಿಗೂ ಗೊತ್ತಿಲ್ಲ. "ಇತ್ತು" ಎಂದೆ.

"ಹಾಗಿದ್ರೆ ನೀವೇ. ನಾನು ನೋಡಿದ್ದು ಅದೊಂದೇ. ನೀವು ಎದ್ದೂ ನಿಲ್ಲಲಿಲ್ಲ, ಏನೂ ಹೇಳಲೂ ಇಲ್ಲ. ನಮ್ಮಮ್ಮ ಸಾಯ್ತಿದಾರೆ ಅಂತ ಅತ್ತೆ. 'ಡೆಲ್ಲಿಗೆ ಬರೀರಿ, ನೆಕ್ಸ್ಟ್' ಅಂದ್ರಿ. ತಲೆನೇ ಎತ್ತಲಿಲ್ಲ."

"ಮತ್ತೆ ಆ ಕಾಗದ?" ಎಂದೆ.

"ನಾನು ಬರೆದದ್ದು. ಮಗಳು ಯಾಕೆ ಬರಲಿಲ್ಲ ಅಂತ ಅಪ್ಪ ಬೀದಿಯವರಿಗೆ ಏನು ಹೇಳಬೇಕಿತ್ತು? ಒಂದು ದೇಶ ನಮ್ಮ ಪರವಾಗಿ ನಿಂತಿದೆ ಅಂತ ಬರೆದೆ. ದೇಶ ನಿಂತಿದ್ದು ನಿಜ ತಾನೇ. ಗುಮಾಸ್ತ ನಿಂತಿರಲಿಲ್ಲ ಅಷ್ಟೆ. ಅವನನ್ನ ನಾನು ನಿಲ್ಲಿಸಿದೆ. ನನ್ನ ತಂಗಿಗೆ ಇದನ್ನ ಹೇಳಬೇಡಿ."

"ಹೇಳುವುದಿಲ್ಲ, ಮಾತು ಕೊಟ್ಟೆ. ತಪ್ಪಾಯಿತಮ್ಮ" ಎಂದೆ. ಬೇರೆ ಏನು ಹೇಳಲಿ? "ಸೀಲು ಒತ್ತಿದ್ದಕ್ಕಲ್ಲ. ತಲೆ ಎತ್ತದೆ ಇದ್ದದ್ದಕ್ಕೆ."

"ಸೀಲಿನ ಮೇಲೆ ನನಗೆ ಸಿಟ್ಟಿರಲಿಲ್ಲ ರೀ. ಯಾರಿಗೂ ರಿಯಾಯಿತಿ ಕೊಡದೆ ಎಲ್ಲ ದೇಶದವರೂ ಹಿಡಿದು ನಿಂತಿದ್ದಕ್ಕೇ ಅವರು ಬಗ್ಗಿದ್ದು. ನನ್ನ ಅಣ್ಣನ ಮಕ್ಕಳು ಇವತ್ತು ಬೇಕಾದ ಕಡೆ ಕೂರ್ತಾರೆ. ನಮ್ಮಮ್ಮನ ಸಾವಿಗೂ ಅದರಲ್ಲಿ ಒಂದು ಪಾಲಿದೆ ಅಂದ್ಕೊಂಡಿದೀನಿ. ಕ್ಷಮೆ ಗಿಮೆ ಬೇಡ. ಆ ಮಾತು ಒಂದ್ಸಲ ಹೇಳಿಬಿಡಿ. ನಲವತ್ತು ವರ್ಷದಿಂದ ನಿಮ್ಮ ಬಾಯಲ್ಲಿ ಇಟ್ಟಿದೀನಿ, ಕಿವಿಯಾರೆ ಕೇಳಿಲ್ಲ."

ನಾನು ಕುರ್ಚಿಯ ತೋಳು ಹಿಡಿದು ಎದ್ದೆ. ಮಂಡಿ ನೋಯುತ್ತಿತ್ತು. ಫೋನಿನಲ್ಲಿ ಅವರಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ತಲೆ ಎತ್ತಿ ನೆಟ್ಟಗೆ ನಿಂತೆ.

"ತಾಯೀ" ಎಂದೆ. "ನಿಮ್ಮ ಅಮ್ಮನನ್ನು ಬೇಕಾದ ಬೆಂಚಿನಲ್ಲಿ ಕೂರಲು ಬಿಡದ ಸರ್ಕಾರದ ಜೊತೆ ನಮ್ಮ ಸರ್ಕಾರ ಕೂರುವುದಿಲ್ಲ."

ಲೋಗಾ ಅಳುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಕೋಗಿಗೆ ಮಾತು ಒಂದೂ ತಿಳಿದಿರಲಿಲ್ಲ. ಆದರೆ ನಾನು ನಿಂತದ್ದನ್ನು ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. "ಹೀಗೇ" ಎಂದರು. "ಹೀಗೇ ಎದ್ದು ನಿಂತರು ಎಂದು ಅಕ್ಕ ಬರೆದಿದ್ದಳು." ಆಮೇಲೆ ನನಗೆ ಕೈ ಮುಗಿದರು.

ನಾನೂ ಮುಗಿದೆ. ಬೇಡವೆನ್ನಲು ನನಗೆ ಅಧಿಕಾರವಿರಲಿಲ್ಲ. ಹಿತ್ತಲಿಂದ ಆದ್ಯಾ ಬಂದು ಕೋಗಿಯ ಪಕ್ಕ ಕೂತು ಫೋನಿನಲ್ಲಿ ಏನೇನೋ ಬರೆದುಕೊಳ್ಳತೊಡಗಿದಳು. ಹೊರಡುವಾಗ ಕೋಗಿ ಅವಲಕ್ಕಿಯ ಡಬ್ಬಿಯನ್ನು ವಾಪಸ್ ಕೊಟ್ಟರು. ಒಳಗೆ ನಿಂಬೆಕಾಯಿ ಉಪ್ಪಿನಕಾಯಿ ಇತ್ತು, ನಮ್ಮ ಗಿಡದ್ದೇ.

ಜುಲೈ 13, ಭಾನುವಾರ. ರೌಸ್ ಹಿಲ್

ಡಾಕ್ಟರು ಒಪ್ಪಿದರು, ನಿನ್ನೆ ವಿಮಾನ ಹತ್ತಿದೆವು. ಏರ್‌ಪೋರ್ಟಿಗೆ ಬಿಟ್ಟದ್ದು ಕೋಗಿ. ಸುಗುಣಾ ಲತೇಶನ ಅಡುಗೆಮನೆಯಲ್ಲಿ ಆಗಲೇ ತಪ್ಪು ಹುಡುಕುತ್ತಿದ್ದಾಳೆ, ಇದಕ್ಕಿಂತ ಏನು ಬೇಕು? ಡಬ್ಬಿ ನಮ್ಮ ಜೊತೆಯೇ ಬಂದುಬಿಟ್ಟಿದೆ. ಅದನ್ನು ತುಂಬಿ ಕೊಡಲಿಕ್ಕೆ ಮೆಲ್ಬರ್ನಿಗೆ ಮತ್ತೆ ಹೋಗಬೇಕಂತೆ. ಸುಗುಣಾ ಬೇಕೆಂದೇ ತಂದಳೋ ಏನೋ.

ಆದ್ಯಾ ಅಸೈನ್‌ಮೆಂಟ್ ಕಳಿಸಿದ್ದಾಳೆ. "ಅಜ್ಜಾ, ಪ್ಲೀಸ್ ಚೆಕ್." ಕೋಗಿಯಿಂದ ಕೇಳಿ ಬರೆದದ್ದು. ಕೊನೆಯ ಪುಟದಲ್ಲಿ, 1986ರಲ್ಲಿ ನನ್ನ ಅಜ್ಜ ಅಳುತ್ತಿದ್ದ ಒಬ್ಬ ಹೆಂಗಸಿನೆದುರು ಎದ್ದು ನಿಂತು ಹೀಗೆ ಹೇಳಿದರು, ಎಂದು ಆ ಮಾತನ್ನು ಪೂರ್ತಿ ಬರೆದಿದ್ದಾಳೆ.

ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಎರಡು ಸಲ ಓದಿದೆ. ಲೋಗಾ ಅವರಿಗೆ ಕೊಟ್ಟ ಮಾತು ಇದೆ, ತಿದ್ದಲಿಲ್ಲ. ಎಲ್ಲ ಸರಿ ಇದೆ ಮಗಾ ಎಂದು ಉತ್ತರ ಕಳಿಸಿದೆ. ಇಲ್ಲಿ ಮಾತ್ರ ಬರೆದಿಡುತ್ತೇನೆ. ನಿಂತದ್ದು ನಿಜ, ಹೇಳಿದ್ದೂ ನಿಜ. ಇಸವಿ ಮಾತ್ರ ತಪ್ಪು.